ಕೃತಕ ಕಾಲು ಕೆಟ್ಟರೆ ಯಾರ ಬಳಿ ಒಯ್ಯುವುದು?

ಈಜಿಪ್ಟಿನ ಲಕ್ಸರ್ ಪಟ್ಟಣದ ಎದುರು ದಂಡೆಯ ಗುಡ್ಡವೊಂದರ ಗೋರಿಯಲ್ಲಿ ಸುಮಾರು ಮೂರು ಸಾವಿರ ವರ್ಷಗಳಷ್ಟು ಹಳೆಯದಾದ ಮರದ ಹೆಬ್ಬೆರಳೊಂದು ಸಿಕ್ಕಿತು. ಪುರೋಹಿತನೊಬ್ಬನ ಮಗಳ ಕಾಲಿಗೆ ಅದನ್ನು ತೊಡಿಸಲಾಗಿತ್ತು. ಈಗ ಅದು ಕೈರೋದ ವಸ್ತು ಸಂಗ್ರಹಾಲಯದ ಸ್ವತ್ತು. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಅದನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, 2017ರಲ್ಲಿ ಕುತೂಹಲದ ಸಂಗತಿಯೊಂದನ್ನು ಹೊರಗೆಡವಿದರು. ಆ ಹೆಬ್ಬೆರಳನ್ನು ಆಕೆಯ ಕಾಲಿಗೆ ಸರಿಹೊಂದುವಂತೆ ಒಂದಲ್ಲ, ಹಲವು ಬಾರಿ ತಿದ್ದಲಾಗಿತ್ತು.

ಇದರ ಅರ್ಥವೇನು? ಕೃತಕ ಅಂಗವೆಂಬುದು ಹುಟ್ಟಿದ ಕಾಲದಿಂದಲೂ ಅದರ ರಿಪೇರಿಯೂ ಜೊತೆಗೇ ಇತ್ತು. ದೇಹ ಬದಲಾಗುತ್ತದೆ. ಮೈ ಇಳಿಯುತ್ತದೆ, ಏರುತ್ತದೆ. ಅಂಗ ಕಳೆದುಕೊಂಡ ಜಾಗದ ಮಾಂಸ ವರ್ಷ ಕಳೆದಂತೆ ಕರಗುತ್ತದೆ. ಹಾಗಾಗಿ ಒಮ್ಮೆ ಮಾಡಿಕೊಟ್ಟು ಕೈತೊಳೆದುಕೊಳ್ಳುವ ವಸ್ತು ಇದಲ್ಲ. ಆ ಹೆಣ್ಣುಮಗಳಿಗೆ ಪದೇಪದೇ ಹೋಗಿ ತೋರಿಸಲು ಒಬ್ಬ ಕುಶಲಕರ್ಮಿ ಹತ್ತಿರದಲ್ಲಿದ್ದ. ಕೃತಕ ಅಂಗಗಳ ಇತಿಹಾಸವನ್ನು ಬರೆದವರು ಹೆಚ್ಚಾಗಿ ಕಂಡುಹಿಡಿದವರ ಹೆಸರುಗಳನ್ನು ಬರೆದಿದ್ದಾರೆ. ಸರಿಪಡಿಸಿಕೊಟ್ಟವನ ಇತಿಹಾಸ ಬರೆದವರು ಕಡಿಮೆ.

ಹದಿನಾರನೆಯ ಶತಮಾನದ ಫ್ರಾನ್ಸಿನಲ್ಲಿ ಆಂಬ್ರಾಸ್ ಪಾರೆ ಎಂಬ ಪ್ರಸಿದ್ಧ ಶಸ್ತ್ರವೈದ್ಯನಿದ್ದ. ಸ್ಪ್ರಿಂಗು, ಚಕ್ರಗಳಿಂದ ಬೆರಳು ಮಡಚುವ ಕಬ್ಬಿಣದ ಕೈಯ ಚಿತ್ರಗಳನ್ನು ಅವನು ತನ್ನ ಗ್ರಂಥದಲ್ಲಿ ಕೊಟ್ಟಿದ್ದಾನೆ. ಆದರೆ ಅದನ್ನು ಮಾಡಿದವನು ಪ್ಯಾರಿಸಿನ ಒಬ್ಬ ಬೀಗ ತಯಾರಕ. ಪಾರೆ ಇದನ್ನು ಮರೆಮಾಚಲಿಲ್ಲ ಎಂಬುದು ಮೆಚ್ಚಬೇಕಾದ ವಿಷಯ. ಮೊದಲನೆಯ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಸ್ಕಾಟ್ಲೆಂಡಿನ ಎರ್ಸ್ಕಿನ್‌ನಲ್ಲಿ ಆಸ್ಪತ್ರೆ ತೆರೆದಾಗ ಸರ್ ವಿಲಿಯಂ ಮೆಕ್ಯೂಯೆನ್ ಎಂಬ ವೈದ್ಯರು ನೆರವಿಗಾಗಿ ಹೋದದ್ದು ಕ್ಲೈಡ್ ನದಿಯ ಹಡಗುಕಟ್ಟೆಗೆ. ಹಡಗಿನ ಬಡಗಿಗಳು ಮರದ ಕಾಲುಗಳನ್ನು ಕೆತ್ತಿದರು. ಬೀಗದವ, ಬಡಗಿ, ಕಮ್ಮಾರ ಎಲ್ಲರೂ ಊರಲ್ಲಿಯೇ ಇದ್ದವರು. ಕೀಲು ಸಡಿಲವಾದರೆ, ಚರ್ಮದ ಪಟ್ಟಿ ಹರಿದರೆ ಅಂಥವನೊಬ್ಬ ನೋಡಿ ಸರಿಮಾಡಬಹುದಿತ್ತು.

ನಮ್ಮ ದೇಶಕ್ಕೆ ಬಂದರೆ, ಎರಡನೆಯ ಮಹಾಯುದ್ಧದ ಗಾಯಾಳು ಸೈನಿಕರಿಗಾಗಿ 1944ರಲ್ಲಿ ಪುಣೆಯಲ್ಲಿ ಕೃತಕ ಅಂಗ ಕೇಂದ್ರ ಆರಂಭವಾಯಿತು. ಬಹಳ ಕಾಲ ದೂರದೂರಿನ ಜನರಿಗೆ ಅದೊಂದೇ ಆಸರೆ. ಅಲ್ಲಿಂದ ಕಾಲು ಪಡೆದು ಬಂದ ರೈತನಿಗೆ ಬೇರೆ ತೊಂದರೆಯಿತ್ತು. ಪಾಶ್ಚಾತ್ಯ ಮಾದರಿಯ ಆ ಪಾದಕ್ಕೆ ಬೂಟು ಬೇಕೇ ಬೇಕು. ಅದನ್ನು ತೊಟ್ಟು ಕುಕ್ಕರಗಾಲಲ್ಲಿ ಕೂರಲಾಗದು, ಚಕ್ಕಳಮಕ್ಕಳ ಹಾಕಲಾಗದು, ಕೆಸರುಗದ್ದೆಗೆ ಇಳಿಯಲಾಗದು. ದೇವಸ್ಥಾನಕ್ಕಾಗಲಿ ಮಸೀದಿಗಾಗಲಿ ಬರಿಗಾಲಲ್ಲಿ ಹೋಗಲಾಗದು. ನೆಲದ ಮೇಲೆ ಬದುಕುವ ಜನಕ್ಕೆ ಕುರ್ಚಿಯ ಮೇಲೆ ಬದುಕುವವರ ಕಾಲು. ಎಷ್ಟೋ ಮಂದಿ ಅದನ್ನು ಬಿಚ್ಚಿಟ್ಟು ಮತ್ತೆ ಊರುಗೋಲು ಹಿಡಿದರು.

ಈ ಗಂಟನ್ನು ಬಿಡಿಸಿದ್ದು ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆ. ಅಲ್ಲಿನ ರೋಗಿಗಳಿಗೆ ಕರಕುಶಲ ಕಲಿಸಲು ಬಂದಿದ್ದವರು ರಾಮಚಂದ್ರ ಶರ್ಮ, ಶಿಲ್ಪಿಗಳ ಮನೆತನದವರು. ಹೆಚ್ಚು ಶಾಲೆ ಕಲಿತವರಲ್ಲ, ಆದರೆ ಎಲ್ಲರ ಬಾಯಲ್ಲಿ ಮಾಸ್ಟರ್‌ಜಿ. ಮೂಳೆವೈದ್ಯ ಡಾ. ಪಿ.ಕೆ. ಸೇಠಿಯವರಿಗೆ ದೇಹರಚನೆ ಗೊತ್ತಿತ್ತು, ಶರ್ಮರಿಗೆ ಕೈಕೆಲಸ ಗೊತ್ತಿತ್ತು. ರಬ್ಬರಿನ ಪಾದ ಬೇಗನೆ ಸೀಳಿ ಹೋಗುತ್ತದೆಯಲ್ಲ ಎಂಬ ಚಿಂತೆಗೆ ಪರಿಹಾರ ಸಿಕ್ಕಿದ್ದು ಲಾರಿ ಟೈರಿಗೆ ರೀಟ್ರೇಡಿಂಗ್ ಮಾಡುವ ಅಂಗಡಿಯಲ್ಲಿ. ಸೈಕಲ್ ಪಂಕ್ಚರಾಗಿ ನಿಂತ ಶರ್ಮರು ಅಲ್ಲಿ ರಬ್ಬರನ್ನು ಬೇಯಿಸುವುದನ್ನು ಕಂಡರೆಂದು ಹೇಳುತ್ತಾರೆ. ಮರ ಮತ್ತು ಸ್ಪಂಜಿನಂಥ ರಬ್ಬರಿನ ತುಂಡುಗಳನ್ನು ಜೋಡಿಸಿ, ಮೇಲೆ ಗಟ್ಟಿ ರಬ್ಬರು ಹೊದಿಸಿ, ಅಚ್ಚಿನಲ್ಲಿಟ್ಟು ಬೇಯಿಸಿದಾಗ ಹುಟ್ಟಿದ್ದೇ 1960ರ ದಶಕದ ಕೊನೆಯ 'ಜೈಪುರ ಕಾಲು'. ಬರಿಗಾಲಿನಂತೆ ಕಾಣುವ, ಎಲ್ಲ ಕಡೆಗೂ ಬಾಗುವ, ನೀರಿಗೆ ಅಂಜದ ಪಾದ. ಅದರ ಮೇಲಿನ ಕೊಳವೆಯನ್ನು ಮೊದಲು ಅಲ್ಯುಮಿನಿಯಂ ತಗಡು ಬಡಿದು ಮಾಡುತ್ತಿದ್ದರು, ಮುಂದೆ ನೀರಾವರಿಗೆ ಬಳಸುವ ಪ್ಲಾಸ್ಟಿಕ್ ಪೈಪಿನಿಂದ. 1975ರಲ್ಲಿ ಡಿ.ಆರ್. ಮೆಹ್ತಾ ಅವರು ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಇದನ್ನು ಲಕ್ಷಾಂತರ ಜನರಿಗೆ ಉಚಿತವಾಗಿ ತೊಡಿಸಿತು. ನರ್ತಕಿ ಸುಧಾ ಚಂದ್ರನ್ ಇದೇ ಕಾಲಿನಲ್ಲಿ ವೇದಿಕೆ ಏರಿದ್ದನ್ನು ನಮ್ಮಲ್ಲಿ ಅನೇಕರು ಬಲ್ಲರು.

ಸೇಠಿಯವರು ಇದಕ್ಕೆ ಪೇಟೆಂಟ್ ಮಾಡಿಸಿಕೊಳ್ಳಲಿಲ್ಲ. 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಅವರಿಗೆ ಸಂದಿತು, ಅರ್ಹವಾಗಿಯೇ. ಆದರೆ ಮಾಸ್ಟರ್‌ಜಿಯ ಹೆಸರು ಜಗತ್ತಿಗೆ ಅಷ್ಟಾಗಿ ತಲುಪಲಿಲ್ಲ. ಪಾರೆ ತನ್ನ ಬೀಗದವನನ್ನು ನೆನೆದಷ್ಟು ನಾವು ನಮ್ಮ ಶಿಲ್ಪಿಯನ್ನು ನೆನೆಯುತ್ತೇವೆಯೇ? ಇರಲಿ. ಇಲ್ಲಿ ಗಮನಿಸಬೇಕಾದ ಮಾತು ಬೇರೆ. ಪೇಟೆಂಟ್ ಇಲ್ಲ, ಗುಟ್ಟಿನ ವಸ್ತುವಿಲ್ಲ. ಪೈಪು, ರಬ್ಬರು, ಮರ, ಬೆಲ್ಟು ಎಲ್ಲವೂ ಪೇಟೆಯಲ್ಲಿ ಸಿಗುವಂಥವು. ಹಾಗಾಗಿ ಕೆಟ್ಟಾಗ ಮತ್ತೊಬ್ಬ ಮಾಡಬಲ್ಲ.

ಇದೇ ಪಾಠವನ್ನು ಯುದ್ಧದ ನಡುವೆ ಕಲಿತದ್ದು ಕಾಬೂಲ್. ರೆಡ್‌ಕ್ರಾಸ್‌ನ ಅಂತರರಾಷ್ಟ್ರೀಯ ಸಮಿತಿ 1988ರಲ್ಲಿ ಅಲ್ಲಿ ಕೃತಕ ಅಂಗ ಕೇಂದ್ರ ತೆರೆಯಿತು. 1990ರಲ್ಲಿ ಅಲ್ಲಿಗೆ ಹೋದ ಇಟಲಿಯ ಆಲ್ಬರ್ಟೋ ಕೈರೋ ಮೊದಲು ವಕೀಲರಾಗಿದ್ದವರು, ನಂತರ ಫಿಸಿಯೋಥೆರಪಿ ಕಲಿತವರು. ನೆಲಬಾಂಬಿಗೆ ಕಾಲು ಕೊಟ್ಟವರನ್ನೇ ಅಲ್ಲಿ ಕೆಲಸಕ್ಕೆ ತೆಗೆದುಕೊಂಡರು. ಕಾಲು ಕೆತ್ತುವವನಿಗೂ ಕಾಲಿಲ್ಲ, ಲೆಕ್ಕ ಬರೆಯುವವನಿಗೂ ಕಾಲಿಲ್ಲ. ಸಾಕೆಟ್ ಎಲ್ಲಿ ಉಜ್ಜುತ್ತದೆ, ಎಲ್ಲಿ ಹುಣ್ಣಾಗುತ್ತದೆ ಎಂದು ರೋಗಿ ಬಿಡಿಸಿ ಹೇಳಬೇಕಿಲ್ಲ. ಪಾಲಿಪ್ರೊಪಿಲೀನ್ ಎಂಬ ಅಗ್ಗದ ಪ್ಲಾಸ್ಟಿಕ್ಕಿನಿಂದ ಬಿಡಿಭಾಗಗಳನ್ನು ಅಲ್ಲಿಯೇ ತಯಾರಿಸಿದರು. ಬೆಳೆಯುವ ಮಗುವಿಗೆ ಕಾಲು ಮತ್ತೆ ಮತ್ತೆ ಬದಲಿಸಬೇಕು. ಅದೂ ಉಚಿತ, ರಿಪೇರಿಯೂ ಉಚಿತ. ಸರಕಾರಗಳು ಬಂದವು, ಹೋದವು. ಕೇಂದ್ರ ನಡೆಯಿತು.

ಇನ್ನು ಕತೆಯ ಇನ್ನೊಂದು ಮಗ್ಗುಲು. ಉಳಿದ ಸ್ನಾಯುಗಳು ಬಿಗಿಯುವಾಗ ಚರ್ಮದ ಮೇಲೆ ಹುಟ್ಟುವ ಅತಿ ಸಣ್ಣ ವಿದ್ಯುತ್ತನ್ನು ಹಿಡಿದು ಮೋಟಾರಿನ ಕೈ ನಡೆಸಬಹುದೆಂದು ಜರ್ಮನಿಯ ರೈನ್‌ಹೋಲ್ಡ್ ರೈಟರ್ 1940ರ ದಶಕದಲ್ಲೇ ತೋರಿಸಿದ್ದ. ಆದರೆ ವಾಲ್ವುಗಳ ಆ ಯಂತ್ರ ಮೇಜಿನ ಮೇಲೆ ಕೂರುವಷ್ಟು ದೊಡ್ಡದು. ಟ್ರಾನ್ಸಿಸ್ಟರ್ ಬಂದ ಮೇಲೆ, 1960ರಲ್ಲಿ, ಸೋವಿಯತ್ ಒಕ್ಕೂಟದ ಅಲೆಕ್ಸಾಂಡರ್ ಕೊಬ್ರಿನ್‌ಸ್ಕಿ ಅದನ್ನು ಮೈಮೇಲೆ ಹೊರುವಂತೆ ಮಾಡಿದ. 1997ರಲ್ಲಿ ಜರ್ಮನಿಯ ಆಟೋಬಾಕ್ ಕಂಪನಿ 'ಸಿ-ಲೆಗ್' ಎಂಬ ಮೊಣಕಾಲನ್ನು ಹೊರತಂದಿತು. ಅದರೊಳಗಿನ ಸೆನ್ಸರುಗಳು ಸೆಕೆಂಡಿಗೆ 50 ಬಾರಿ ನಡಿಗೆಯನ್ನು ಅಳೆಯುತ್ತವೆ. ಎಡವಿದರೆ ಮೊಣಕಾಲು ತಾನೇ ಬಿಗಿಯಾಗಿ ಬೀಳುವುದನ್ನು ತಡೆಯುತ್ತದೆ. ಮೆಟ್ಟಿಲು, ಇಳಿಜಾರುಗಳಲ್ಲಿ ಅದರ ಉಪಕಾರ ಏನೆಂಬುದನ್ನು ತೊಟ್ಟವರೇ ಹೇಳಬೇಕು. ಈ ವಿದ್ಯೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ.

ಆದರೆ ಇಲ್ಲಿ ಬೀಗದವನ ಅಂಗಡಿ ಮುಚ್ಚಿತು. ಮೊಣಕಾಲಿನ ಬಿಗಿ ತಿದ್ದಬೇಕಾದರೆ ಸ್ಪ್ಯಾನರ್ ಸಾಲದು, ಕಂಪನಿಯ ಸಾಫ್ಟ್‌ವೇರ್ ಬೇಕು. ಅದು ತರಬೇತಿ ಪಡೆದು ಪರವಾನಗಿ ಹೊಂದಿದವರಿಗೆ ಮಾತ್ರ. ವಾರಂಟಿ ಇರುವವರೆಗೆ ಸರಿ. ಮುಗಿದ ಮರುದಿನ ಬ್ಯಾಟರಿ ಕೈಕೊಟ್ಟರೆ? ಹಲವು ಲಕ್ಷ ರೂಪಾಯಿಯ ಕಾಲು ಮೂಲೆ ಸೇರುತ್ತದೆ. ತೊಟ್ಟವನು ಕೆಲಸಕ್ಕೆ ರಜೆ ಹಾಕುತ್ತಾನೆ.

ನಿಜವಾಗಿ ನೋಡಿದರೆ ಹೆಚ್ಚಾಗಿ ಕೆಡುವುದು ದುಬಾರಿ ಭಾಗಗಳಲ್ಲ. ಬ್ಯಾಟರಿಯ ಶಕ್ತಿ ಕುಂದುತ್ತದೆ, ಬೆವರು ತಾಗಿ ಎಲೆಕ್ಟ್ರೋಡಿನ ತಂತಿ ತುಂಡಾಗುತ್ತದೆ, ಚಾರ್ಜರಿನ ಪಿನ್ನು ಸವೆಯುತ್ತದೆ, ಕೈಗವಸು ಹರಿಯುತ್ತದೆ, ಸಾಕೆಟ್ ಸಡಿಲವಾಗುತ್ತದೆ. ನಮ್ಮೂರಿನ ಮೊಬೈಲ್ ರಿಪೇರಿಯ ಹುಡುಗರು ಕೂದಲೆಳೆಯಷ್ಟು ತಂತಿಗೆ ಬೆಸುಗೆ ಹಾಕುವುದನ್ನು ದಿನವೂ ನೋಡುತ್ತೇವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗದ ಬಿಡಿಭಾಗವಿಲ್ಲ ಎಂಬ ಮಾತೇ ಇದೆ. ಹೊರಗಿನ ತಂತಿ, ಚಾರ್ಜರು, ಕೈಗವಸುಗಳ ಮಟ್ಟಿಗೆ ಇಂಥವರ ನೆರವು ಪಡೆಯುವುದರಲ್ಲಿ ತಪ್ಪೇನೂ ಕಾಣದು. ಆದರೆ ದೇಹದ ಭಾರ ಹೊರುವ ಮೊಣಕಾಲಿನ ಒಳಭಾಗವನ್ನು ತಿಳಿಯದವರು ಬಿಚ್ಚಕೂಡದು. ಅದು ನಡುರಸ್ತೆಯಲ್ಲಿ ಮಡಚಿದರೆ ಜೀವಕ್ಕೇ ಅಪಾಯ. ಲೀಥಿಯಂ ಬ್ಯಾಟರಿಯೂ ಹಾಗೆಯೇ, ಕೆಟ್ಟ ಸೆಲ್ ಹಾಕಿದರೆ ಬೆಂಕಿ ಹತ್ತೀತು. ಕಂಪನಿಗಳು ಮುಂದಿಡುವ ಸುರಕ್ಷತೆಯ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಬಿಡಿಭಾಗವನ್ನೂ ಕೈಪಿಡಿಯನ್ನೂ ಬಚ್ಚಿಟ್ಟು, ತಿಳಿದವರಿಗೇ ಕೊಡು ಎಂದರೆ ತಿಳಿಯುವುದಾದರೂ ಹೇಗೆ?

ಅಮೆರಿಕದಲ್ಲಿ 2024ರಲ್ಲಿ ನಡೆದ ಒಂದು ಪ್ರಸಂಗ. ಕುದುರೆಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಮಾಜಿ ಜಾಕಿಯೊಬ್ಬ ಸುಮಾರು ಒಂದು ಲಕ್ಷ ಡಾಲರಿನ, ಕಾಲಿಗೆ ಹೊರಗಿನಿಂದ ತೊಡುವ ಎಲೆಕ್ಟ್ರಾನಿಕ್ ಚೌಕಟ್ಟಿನ ನೆರವಿನಿಂದ ನಡೆಯುತ್ತಿದ್ದ. ಅದನ್ನು ನಿಯಂತ್ರಿಸುವ ಕೈಗಡಿಯಾರದ ಬ್ಯಾಟರಿಯ ಕಡೆ ಚಿಕ್ಕ ದೋಷ ಬಂತು. ಯಂತ್ರಕ್ಕೆ ಐದು ವರ್ಷ ದಾಟಿದೆ, ಮುಟ್ಟುವುದಿಲ್ಲ ಎಂದಿತು ತಯಾರಕ ಕಂಪನಿ. ಆತ ಪತ್ರಿಕೆ, ಟಿ.ವಿ.ಗಳ ಮುಂದೆ ಗೋಳು ತೋಡಿಕೊಂಡ ಮೇಲೆ ರಿಪೇರಿಯಾಯಿತು. ಗೋಳು ತೋಡಿಕೊಳ್ಳಲು ಟಿ.ವಿ. ಸಿಗದವರ ಪಾಡೇನು? ಅದೇ ದೇಶದ ಕೊಲರಾಡೊ ರಾಜ್ಯ 2022ರಲ್ಲಿಯೇ ಒಂದು ಕಾನೂನು ಮಾಡಿತ್ತು. ವಿದ್ಯುತ್ ಗಾಲಿಕುರ್ಚಿಯ ತಯಾರಕರು ಬಿಡಿಭಾಗ, ಕೈಪಿಡಿ, ಸಾಫ್ಟ್‌ವೇರ್‌ಗಳನ್ನು ಮಾಲೀಕರಿಗೂ ಹೊರಗಿನ ಮೆಕ್ಯಾನಿಕ್ಕುಗಳಿಗೂ ಕೊಡಲೇಬೇಕು. ನಮ್ಮ ಕೇಂದ್ರ ಸರಕಾರವೂ 2022ರ ಡಿಸೆಂಬರಿನಲ್ಲಿ 'ರಿಪೇರಿಯ ಹಕ್ಕು' ಎಂಬ ಜಾಲತಾಣ ತೆರೆಯಿತು. ಅದು ಆರಿಸಿಕೊಂಡ ಕ್ಷೇತ್ರಗಳು ನಾಲ್ಕು: ಕೃಷಿ ಯಂತ್ರ, ಮೊಬೈಲು ಮತ್ತು ಎಲೆಕ್ಟ್ರಾನಿಕ್ ವಸ್ತು, ಗೃಹೋಪಯೋಗಿ ವಸ್ತು, ವಾಹನ. ಕೈಕಾಲುಗಳಿಗೆಂದು ಪ್ರತ್ಯೇಕ ಸ್ಥಾನ ಅಲ್ಲಿರಲಿಲ್ಲ.

ಹಳೆಯ ದಾರಿ ಪೂರ್ತಿ ಮುಚ್ಚಿಲ್ಲ ಎಂಬುದೇ ಸಮಾಧಾನ. ದಕ್ಷಿಣ ಆಫ್ರಿಕದ ಬಡಗಿ ರಿಚರ್ಡ್ ವಾನ್ ಆಸ್ 2011ರಲ್ಲಿ ಗರಗಸಕ್ಕೆ ಬೆರಳುಗಳನ್ನು ಕಳೆದುಕೊಂಡು, ಅಮೆರಿಕದ ಐವನ್ ಓವನ್ ಜೊತೆಗೂಡಿ 'ರೋಬೋಹ್ಯಾಂಡ್' ಎಂಬ ಕೈ ರೂಪಿಸಿದ. ಅದರ ನಕ್ಷೆಯನ್ನು ಯಾರು ಬೇಕಾದರೂ ಮುದ್ರಿಸಿಕೊಳ್ಳಲೆಂದು ಬಿಟ್ಟುಕೊಟ್ಟರು. ಮತ್ತೊಮ್ಮೆ ಬಡಗಿ! ನಮ್ಮ ಮದ್ರಾಸ್ ಐಐಟಿ 2022ರಲ್ಲಿ ಹೊರತಂದ 'ಕದಮ್' ಮೊಣಕಾಲಿನ ತಯಾರಿಯಲ್ಲಿ ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆಯೂ ಕೈಜೋಡಿಸಿದೆ. ಅದರಲ್ಲಿ ಬ್ಯಾಟರಿಯೂ ಇಲ್ಲ, ಚಿಪ್ಪೂ ಇಲ್ಲ. ಹಲವು ಕೀಲುಗಳ ಜೋಡಣೆಯಿಂದಲೇ ಎಡವುವುದನ್ನು ತಗ್ಗಿಸುತ್ತದೆ.

ಎಲೆಕ್ಟ್ರಾನಿಕ್ ಅಂಗವೇ ಬೇಕೆನ್ನುವವರು ಹಣ ಕಟ್ಟುವ ಮುನ್ನ ಕೇಳಲೇಬೇಕಾದ ಕೆಲವು ಪ್ರಶ್ನೆಗಳಿವೆ. ಬ್ಯಾಟರಿಯನ್ನು ಬೇರೆಯಾಗಿ ಕೊಡುತ್ತೀರಾ, ಬೆಲೆಯೆಷ್ಟು? ರಿಪೇರಿ ಕೇಂದ್ರ ಯಾವ ಊರಲ್ಲಿದೆ? ರಿಪೇರಿಗೆ ಹೋದಾಗ ಬದಲಿ ಕಾಲು ಕೊಡುತ್ತೀರಾ? ವಾರಂಟಿ ಮುಗಿದ ಮೇಲೆ ಎಷ್ಟು ವರ್ಷ ಬಿಡಿಭಾಗ ಸಿಗುತ್ತದೆ? ಹಳೆಯ ಸಾದಾ ಕಾಲನ್ನು ಎಸೆಯದೆ ಅಟ್ಟದ ಮೇಲಿಟ್ಟುಕೊಂಡಿರುವುದೂ ಒಳ್ಳೆಯದು. ಉತ್ತರಗಳನ್ನು ಬಾಯಿಮಾತಿಗೆ ಬಿಡಬಾರದು, ಬಿಲ್ಲಿನ ಜೊತೆ ಬರೆಯಿಸಿ ಸಹಿ ಹಾಕಿಸಿಕೊಳ್ಳಬೇಕು.