ಶಹಾಡ್ ಪರಿಸರದ ಕನ್ನಡ ಕಾರ್ಮಿಕರು: ಕಲಿತ ಕಸುಬು ಮತ್ತು ಪ್ರಮಾಣಪತ್ರ

ಮುಂಬಯಿ ಕನ್ನಡಿಗರ ಚರಿತ್ರೆಯನ್ನು ಬರೆದವರು ಹೋಟೆಲು, ಸಂಘಸಂಸ್ಥೆ, ರಂಗಭೂಮಿ, ರಾತ್ರಿಶಾಲೆಗಳತ್ತ ಹೆಚ್ಚಿನ ಗಮನ ಕೊಟ್ಟಿದ್ದಾರೆ. ಕಾರ್ಖಾನೆಯೊಳಗೆ ದುಡಿದು ಕಲಿತವರ ವಿದ್ಯೆ ಹೇಗೆ ದಾಖಲಾಯಿತು, ಏಕೆ ದಾಖಲಾಗದೆ ಉಳಿಯಿತು ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಕಲ್ಯಾಣದಿಂದ ಕಸಾರಾ ಕಡೆಗೆ ಹೋಗುವ ರೈಲುಮಾರ್ಗದ ಮೊದಲ ನಿಲ್ದಾಣವಾದ ಶಹಾಡಿನ ಪರಿಸರವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಹಾಡಿನ ಸೆಂಚುರಿ ರೇಯಾನ್ ಕಾರ್ಖಾನೆ ಆರಂಭವಾದದ್ದು ೧೯೫೬ರಲ್ಲಿ. ಅದೇ ವರ್ಷ ನವೆಂಬರ್ ೧ರಂದು ಧಾರವಾಡ, ವಿಜಾಪುರ, ಉತ್ತರ ಕನ್ನಡ ಹಾಗೂ ಚಂದಗಡ ತಾಲೂಕನ್ನುಳಿದ ಬೆಳಗಾವಿ ಜಿಲ್ಲೆಗಳು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದವು. ಅಲ್ಲಿಯವರೆಗೆ ಈ ಜಿಲ್ಲೆಗಳಿಂದ ಕಲ್ಯಾಣಕ್ಕೆ ಬಂದವನು ತನ್ನ ರಾಜ್ಯದೊಳಗೇ ಇದ್ದನು; ಅನಂತರ ಬಂದವನು ಪರರಾಜ್ಯದವನಾದನು. ವೃತ್ತಿತರಬೇತಿಯ ರಾಷ್ಟ್ರೀಯ ಮಂಡಳಿ ರಚನೆಗೊಂಡದ್ದೂ ಆ ವರ್ಷವೇ. ವಿದ್ಯುತ್ ಕೆಲಸಕ್ಕೆ ಅರ್ಹತಾಪತ್ರವುಳ್ಳವರ ಮೇಲ್ವಿಚಾರಣೆಯನ್ನು ಕಡ್ಡಾಯಗೊಳಿಸಿದ ಭಾರತೀಯ ವಿದ್ಯುತ್ ನಿಯಮಗಳೂ ೧೯೫೬ರವೇ. ಹೀಗೆ ಕಾರ್ಖಾನೆ, ಹೊಸ ಗಡಿ, ಪ್ರಮಾಣಪತ್ರದ ವ್ಯವಸ್ಥೆ ಇವು ಮೂರೂ ಒಟ್ಟೊಟ್ಟಿಗೆ ರೂಪುಗೊಂಡವೆಂಬುದು ಗಮನಾರ್ಹ.

ರೇಯಾನ್ ತಯಾರಿಕೆಗೆ ಹಬೆ ಅತ್ಯವಶ್ಯ. ೧೯೨೩ರ ಭಾರತೀಯ ಬಾಯ್ಲರ್ ಕಾಯ್ದೆಯ ಪ್ರಕಾರ ನಿಯಮಗಳು ವಿಧಿಸಿದ ಅರ್ಹತಾಪತ್ರವಿಲ್ಲದವನ ವಶಕ್ಕೆ ಬಾಯ್ಲರನ್ನು ಒಪ್ಪಿಸುವಂತಿರಲಿಲ್ಲ. ಸ್ಫೋಟದ ಭಯವಿರುವಲ್ಲಿ ಈ ಕಟ್ಟುನಿಟ್ಟು ನ್ಯಾಯವಾದುದೇ. ಫೈರ್‌ಮನ್ ಆಗಿ ದುಡಿದವನಿಗೆ ಪರೀಕ್ಷೆಯ ಬಾಗಿಲನ್ನೂ ನಿಯಮಗಳು ತೆರೆದಿಟ್ಟಿದ್ದವು. ಆದರೆ ದುಡಿದುದಕ್ಕೆ ಮಾಲೀಕರ ಪತ್ರ ಬೇಕಿತ್ತು. ಅಂದರೆ ಪರೀಕ್ಷಕನ ಮುಂದೆ ನಿಲ್ಲುವ ಮೊದಲೇ ಕಾರ್ಮಿಕನು ಮಾಲೀಕನ ಕಚೇರಿಯ ಮುಂದೆ ನಿಲ್ಲಬೇಕಾಗಿತ್ತು.

ಈ ಪತ್ರ ಯಾರಿಗೆ ದೊರೆಯುತ್ತಿತ್ತು? ೧೯೪೬ರ ಔದ್ಯೋಗಿಕ ಸ್ಥಾಯೀ ಆದೇಶಗಳ ಕಾಯ್ದೆಯಡಿಯ ಕೇಂದ್ರದ ಮಾದರಿ ಆದೇಶಗಳು ಸೇವಾಪತ್ರದ ಹಕ್ಕನ್ನು ಕಾಯಂ ಕಾರ್ಮಿಕನಿಗೆ ಮಾತ್ರ ಕೊಟ್ಟಿದ್ದವು. ಬದಲಿ ಹಾಗೂ ತಾತ್ಕಾಲಿಕ ಕೆಲಸಗಾರರು ಅದರ ಹೊರಗುಳಿದರು. ಗುತ್ತಿಗೆ ಕಾರ್ಮಿಕರ ೧೯೭೧ರ ಕೇಂದ್ರ ನಿಯಮಗಳು ಗುತ್ತಿಗೆದಾರನೂ ಸೇವಾಪತ್ರ ಕೊಡಬೇಕೆಂದು ವಿಧಿಸಿದವು. ಆ ನಮೂನೆಯಲ್ಲಿ ಕೆಲಸದ ಅವಧಿ, ಬಗೆ, ಕೂಲಿಯ ದರಗಳಿಗೆ ಸ್ಥಳವಿತ್ತು. ಕೌಶಲದ ಮಟ್ಟವನ್ನು ನಮೂದಿಸಲು ಪ್ರತ್ಯೇಕ ಅಂಕಣವಿರಲಿಲ್ಲ. ಗುತ್ತಿಗೆದಾರ ‘ಕೂಲಿ’ ಎಂದು ಬರೆದರೆ ಹತ್ತು ವರ್ಷ ಪೈಪು ಜೋಡಿಸಿದವನೂ ಕಾಗದದಲ್ಲಿ ಕೂಲಿಯೇ.

ಕನ್ನಡಿಗನಿಗೆ ಇನ್ನೊಂದು ತೊಡಕಿತ್ತು. ನಮ್ಮಲ್ಲಿ ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರ ಮುಂದೆ ಬರುವ ರೂಢಿ ವ್ಯಾಪಕವಾಗಿದೆ. ಮಹಾರಾಷ್ಟ್ರದ ಅರ್ಜಿಗಳು ಅಡ್ಡಹೆಸರು, ಸ್ವಂತ ಹೆಸರು, ತಂದೆಯ ಹೆಸರು ಎಂಬ ಕ್ರಮವನ್ನು ಬಯಸುತ್ತವೆ. ಊರಿನ ಶಾಲೆಯ ಕನ್ನಡ ದಾಖಲೆಯಲ್ಲೊಂದು ಹೆಸರು, ಹಾಜರಿ ಕಾರ್ಡಿನಲ್ಲಿ ಮತ್ತೊಂದು ಹೆಸರು ಇದ್ದಾಗ ಅವೆರಡೂ ಒಬ್ಬನವೇ ಎಂದು ಸಾಧಿಸುವ ಹೊಣೆ ಕಾರ್ಮಿಕನ ಮೇಲೆಯೇ ಬೀಳುತ್ತದೆ.

ಕಾರ್ಖಾನೆ ಮುಚ್ಚಿದಾಗ ಈ ಸಮಸ್ಯೆ ಉಗ್ರರೂಪ ತಾಳುತ್ತದೆ. ಶಹಾಡಿನ ಮುಂದಿನ ನಿಲ್ದಾಣವಾದ ಅಂಬಿವಲಿಯ ಬಳಿ, ಮೊಹನೆಯ ನ್ಯಾಷನಲ್ ರೇಯಾನ್ ಕಾರ್ಖಾನೆ ೨೦೦೯ರಲ್ಲಿ ನಿಂತುಹೋಯಿತು. ಇಂಥಲ್ಲಿ ಕೆಲಸದೊಡನೆ ಆ ಕೆಲಸಕ್ಕೆ ಸಾಕ್ಷಿ ನುಡಿಯಬಲ್ಲ ಕಚೇರಿಯೂ ಇಲ್ಲವಾಗುತ್ತದೆ.

ಅನುಭವದ ಕಲಿಕೆಯನ್ನು ಗುರುತಿಸಬೇಕೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ೨೦೦೪ರ ತನ್ನ ೧೯೫ನೆಯ ಶಿಫಾರಸಿನಲ್ಲಿ ಹೇಳಿತು. ಭಾರತದಲ್ಲಿ ೨೦೧೫ರ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಪೂರ್ವಕಲಿಕೆಯ ಮಾನ್ಯತೆಗೆ ಅವಕಾಶ ಕಲ್ಪಿಸಿತು. ಕೈಕೆಲಸವನ್ನು ನೇರವಾಗಿ ಪರೀಕ್ಷಿಸುವ ಈ ಕ್ರಮ ಸ್ವಾಗತಾರ್ಹವೇ; ಆದರೆ ಶಹಾಡಿನ ಮೊದಲ ತಲೆಮಾರಿಗೆ ಅದು ತೀರ ತಡವಾಗಿ ಬಂದಿತೆನ್ನಬೇಕು.

ಕಲ್ಯಾಣ, ಡೊಂಬಿವಲಿ, ಉಲ್ಲಾಸನಗರಗಳ ಕನ್ನಡ ಮನೆಗಳಲ್ಲಿ ಉಳಿದಿರಬಹುದಾದ ಹಾಜರಿ ಕಾರ್ಡು, ಸಂಬಳದ ಚೀಟಿ, ಸೇವಾಪತ್ರಗಳನ್ನು ಸಂಗ್ರಹಿಸುವುದು ಸಂಶೋಧಕರ ಮುಂದಿರುವ ತುರ್ತಿನ ಕಾರ್ಯ. ವಲಸೆಯ ಚರಿತ್ರೆ ಈವರೆಗೆ ಹೆಚ್ಚಾಗಿ ಅಕ್ಷರಸ್ಥರ ಬರಹಗಳನ್ನು ಆಧರಿಸಿದೆ. ಕಸುಬು ಬಲ್ಲವರ ಚರಿತ್ರೆಗೆ ಈ ಬಿಡಿ ಕಾಗದಗಳೇ ಶಾಸನಗಳು.