ಹಳೇ ಪೂಜೆ, ಹಳೇ ಗೋಡೆ

ಹೋದ ವಾರ ನನ್ನ ತಮ್ಮ ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದ. ತಮ್ಮ ಅಂದ್ರೆ ನಮ್ಮ ಚಿಕ್ಕತಾತನ ಮೊಮ್ಮಗ. ನಮ್ಮ ತಾತ, ಚಿಕ್ಕತಾತ ಇಬ್ಬರೂ ಕೆಜಿಎಫ್ ಗಣಿಯೊಳಗೆ ಒಂದೇ ಶಿಫ್ಟಿಗೆ ಇಳೀತಿದ್ದವರು. ಚಿಕ್ಕತಾತ ಜ್ಞಾನಸ್ನಾನ ತಗೊಂಡು ಕ್ಯಾಥೋಲಿಕ್ ಆದರು, ತಾತ ಆಗಲಿಲ್ಲ. ಅಷ್ಟೇ ವ್ಯತ್ಯಾಸ. ಅದಕ್ಕೇ ಇವತ್ತು ನನ್ನ ಕೈಲಿ ಎಸ್‌ಸಿ ಸರ್ಟಿಫಿಕೇಟ್ ಇದೆ, ಅವನ ಕೈಲಿ ಇಲ್ಲ.

ವಿಡಿಯೋದಲ್ಲಿ ಇದ್ದದ್ದು ಹಳೇ ಲ್ಯಾಟಿನ್ ಪೂಜೆ. ಧೂಪದ ಹೊಗೆ, ಜನರ ಕಡೆ ಬೆನ್ನು ಮಾಡಿ ನಿಂತ ಗುರುಗಳು, ಪಿಸುಮಾತಿನ ಪ್ರಾರ್ಥನೆ. ಕೆಳಗೆ ಇವನು ಬರೆದಿದ್ದ: "ನೋಡಣ್ಣಾ, ಎಷ್ಟು ಗಂಭೀರವಾಗಿದೆ. ವ್ಯಾಟಿಕನ್ ಕೌನ್ಸಿಲ್ ಬಂದು ಎಲ್ಲ ಕೆಡಿಸ್ತು. ಈಗ ಫಾದರ್‌ಗಳು ಬರೀ ರಾಜಕೀಯ ಮಾತಾಡ್ತಾರೆ. ಹಳೇ ಕಾಲದಲ್ಲಿ ನಂಬಿಕೆ ಇತ್ತು, ಜಾತಿ ಇರ್ಲಿಲ್ಲ."

ಇವನೊಬ್ಬನೇ ಅಲ್ಲ, ಹೀಗೆ ಮಾತಾಡೋ ಹುಡುಗರು ಈಗ ಎಲ್ಲ ದೇಶಗಳಲ್ಲೂ ಇದ್ದಾರೆ. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯೇ ಚರ್ಚಿನ ಪತನ ಅನ್ನೋದು ಅವರ ವಾದ. 2007ರಲ್ಲಿ ಪೋಪ್ ಬೆನೆಡಿಕ್ಟ್ ಹಳೇ ಪೂಜೆಗೆ ದಾರಿ ಸಲೀಸು ಮಾಡಿದರು, 2021ರಲ್ಲಿ ಫ್ರಾನ್ಸಿಸ್ ಮತ್ತೆ ಬಿಗಿ ಮಾಡಿದರು. ಅಲ್ಲಿಂದ ಸಿಟ್ಟು ಇನ್ನೂ ಹೆಚ್ಚಾಗಿದೆ.

ಅವನ ಭಕ್ತಿಯನ್ನ ನಾನು ಆಡಿಕೊಳ್ಳಲ್ಲ. ಲ್ಯಾಟಿನ್ ಇಲ್ಲಿ ಯಾರ ಮನೆ ಮಾತೂ ಅಲ್ಲ, ಹಾಗಾಗಿ ಯಾರೂ ಅದರ ಯಜಮಾನರಲ್ಲ. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಸುರೀರಿ ಅಂತ ಬರೆದಿಟ್ಟ ದೇಶದಲ್ಲಿ ಅದೇನು ಸಣ್ಣ ಸಮಾಧಾನ ಅಲ್ಲ. ಆದ್ರೆ "ಜಾತಿ ಇರ್ಲಿಲ್ಲ" ಅಂದ್ನಲ್ಲ, ಅದನ್ನ ಮಾತ್ರ ಬಿಡಕ್ಕಾಗಲ್ಲ.

1606ರಲ್ಲಿ ರಾಬರ್ಟ್ ಡಿ ನೊಬಿಲಿ ಎಂಬ ಇಟಲಿಯ ಜೆಸ್ವಿಟ್ ಪಾದ್ರಿ ಮಧುರೈಗೆ ಬಂದ. ಅಲ್ಲಿ ಆಗಲೇ ಪರವರ್ ಅನ್ನೋ ಕಡಲ ಜನರಿಗಾಗಿ ಒಂದು ಚರ್ಚ್ ಇತ್ತು. ಮೇಲ್ಜಾತಿಯವರು ಅದನ್ನ ಪರಂಗಿಗಳ ಧರ್ಮ ಅಂತ ದೂರ ಇಟ್ಟಿದ್ರು. ನೊಬಿಲಿ ಏನು ಮಾಡಿದ? ಆ ಚರ್ಚಿನಿಂದ ಬೇರೆಯಾಗಿ ಮನೆ ಮಾಡಿದ. ಕಾವಿ ಉಟ್ಟ, ಗಂಧ ಹಚ್ಚಿದ, ಮಾಂಸ ಬಿಟ್ಟ, ಬ್ರಾಹ್ಮಣರ ಕೈಲಿ ಅಡುಗೆ ಮಾಡಿಸಿದ. ಕ್ರೈಸ್ತನಾದ ಬ್ರಾಹ್ಮಣ ಜನಿವಾರ, ಜುಟ್ಟು ಇಟ್ಕೊಬಹುದು ಅಂದ. ಜೊತೆಯ ಪಾದ್ರಿಗಳೇ ರೋಮಿಗೆ ದೂರು ಕೊಟ್ಟರು. ನೊಬಿಲಿಯ ಉತ್ತರ ನೆನಪಿಟ್ಕೊಳ್ಳಿ: ಇವೆಲ್ಲ ಧರ್ಮದ ಗುರುತಲ್ಲ, ಬರೀ ಲೌಕಿಕ, ಕುಲದ ಗುರುತು.

1623ರಲ್ಲಿ ಪೋಪ್ 15ನೇ ಗ್ರೆಗೊರಿ ಇದನ್ನ ಒಪ್ಪಿದರು. ಕುಲೀನರು ಕೆಳಗಿನವರನ್ನ ಹೀನಾಯ ಮಾಡಬಾರದು ಅಂತ ಅದೇ ಆಜ್ಞೆಯಲ್ಲಿ ಬುದ್ಧಿಮಾತೂ ಇತ್ತು. ಜನಿವಾರಕ್ಕೆ ಅನುಮತಿ, ನಮಗೆ ಬುದ್ಧಿಮಾತು! ನಮ್ಮ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ಡೊ ಚಿನ್ನಾಮಿ ಕೂಡ ಇದೇ ಸನ್ಯಾಸಿ ವೇಷದ ದಾರಿ ಹಿಡಿದವರು.

ಮುಂದೆ ಕೆಳಜಾತಿಗಳಿಗಾಗಿ ಪಂಡಾರಸ್ವಾಮಿ ಅನ್ನೋ ಬೇರೆ ವೇಷದ ಪಾದ್ರಿಗಳೇ ಹುಟ್ಟಿಕೊಂಡರು. 1704ರಲ್ಲಿ ಪೋಪರ ಪ್ರತಿನಿಧಿ ಟೂರ್ನಾನ್ ಪುದುಚೇರಿಯಲ್ಲಿದ್ದಾಗ, ಕಾಯಿಲೆ ಬಿದ್ದ ಪರೈಯರ ಮನೆಯೊಳಗೆ ಹೋಗಿ ಕೊನೆಯ ಸಂಸ್ಕಾರ ಕೊಡಲೇಬೇಕು ಅಂತ ಆಜ್ಞೆ ಹೊರಡಿಸಬೇಕಾಯ್ತು. ಅಂದ್ರೆ ಅಲ್ಲಿವರೆಗೆ ಹೋಗ್ತಿರ್ಲಿಲ್ಲ ಅಂತ ತಾನೇ? ಸಾಯೋ ಮನುಷ್ಯನ ಹೊಸ್ತಿಲು ದಾಟೋಕೆ ಗುರುವಿಗೆ ಮೈಲಿಗೆ! ನಲವತ್ತು ವರ್ಷ ಜಗಳ ಆಡಿ ಕೊನೆಗೆ 1744ರಲ್ಲಿ ಪೋಪ್ 14ನೇ ಬೆನೆಡಿಕ್ಟ್ ಒಂದು ರಾಜಿ ಒಪ್ಪಿದರು. ಪರೈಯರಿಗೆ ಪ್ರತ್ಯೇಕ ಪಾದ್ರಿಗಳು.

ಮಾರನೇ ವರ್ಷವೇ ಪುದುಚೇರಿಯ ಚರ್ಚಿನೊಳಗಿನ ಗೋಡೆಯ ಜಗಳ. ಅದನ್ನ ಬರೆದಿಟ್ಟದ್ದು ಚರ್ಚಿನವರಲ್ಲ, ಫ್ರೆಂಚರ ದುಭಾಷಿ ಆನಂದರಂಗ ಪಿಳ್ಳೆ, ತನ್ನ ದಿನಚರಿಯಲ್ಲಿ. ಪರೈಯ ಕ್ರೈಸ್ತರು ಹೋಗಿ, ನಾವೂ ನಿಮ್ಮ ಶಿಷ್ಯರೇ ಆಗಿದ್ರೆ ಈ ಗೋಡೆ ಯಾಕೆ ಅಂತ ಗುರುಗಳನ್ನ ಕೇಳಿದರು. ಗೋಡೆ ಬಿತ್ತು. ಮೇಲ್ಜಾತಿ ಕ್ರೈಸ್ತರು ರೊಚ್ಚಿಗೆದ್ದರು. ಸಮಾನತೆ ಕೇಳೋದು ಕೌನ್ಸಿಲ್ ತಂದ ಹೊಸ ರಾಜಕೀಯ ಅಂತೀಯಲ್ಲ ತಮ್ಮಾ, ಕೌನ್ಸಿಲ್‌ಗಿಂತ ಇನ್ನೂರು ವರ್ಷ ಮುಂಚೆ, ಲ್ಯಾಟಿನ್ ಪೂಜೆಯ ಕಾಲದಲ್ಲೇ ನಮ್ಮ ಜನ ಕೇಳಿದ್ರು.

ಇನ್ನೊಂದು ಗೋಡೆ ತಿರುನೆಲ್ವೇಲಿ ಕಡೆಯ ವಡಕ್ಕನ್‌ಕುಳಂದು. 1872ರಲ್ಲಿ ಅಲ್ಲಿ ಕಟ್ಟಿದ ಚರ್ಚಿಗೆ ಪ್ಯಾಂಟಿನ ಎರಡು ಕಾಲಿನ ಹಾಗೆ ಎರಡು ಅಂಕಣ. ಒಂದು ಕಡೆ ವೆಳ್ಳಾಳರು, ಇನ್ನೊಂದು ಕಡೆ ನಾಡಾರರು. ಪೀಠ ಮಾತ್ರ ಒಂದೇ. ಆಮೇಲೆ ಬಿಷಪರು ತಡೆಗೋಡೆ ಕೆಡವಿಸಿದಾಗ ಮೇಲ್ಜಾತಿಯವರು ಗೋಡೆ ವಾಪಸ್ ಕಟ್ಟಿಸಿ ಅಂತ ಕೋರ್ಟಿಗೆ ಹೋದರು. 1917ರಲ್ಲಿ ಮದ್ರಾಸ್ ಹೈಕೋರ್ಟ್ ಒಪ್ಪಲಿಲ್ಲ. ಕ್ರೈಸ್ತರಾದವರು ಜಾತಿ ಮೈಲಿಗೆಯ ಹಕ್ಕು ಕೇಳೋಹಾಗಿಲ್ಲ ಅಂತಾಯ್ತು. ಒಳ್ಳೇ ತೀರ್ಪೇ. (ನಮ್ಮ ಮಂಗಳೂರು ಕಡೆ ಕೊಂಕಣಿ ಕ್ಯಾಥೋಲಿಕರಲ್ಲಿ ಬಾಮಣ್, ಚಾರೊಡಿ, ಶುದಿರ್ ಅನ್ನೋ ಮಾತು ಸಂಬಂಧ ನೋಡುವಾಗ ಬರುತ್ತೆ. ಅದಕ್ಕೆ ಯಾವ ಕೋರ್ಟೂ ಇಲ್ಲ, ಇರ್ಲಿ.)

ಈಗ 1950ಕ್ಕೆ ಬನ್ನಿ. ಆಗಸ್ಟ್ 10ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ: ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನ ಸೇರಿಸಿದರು, 1990ರಲ್ಲಿ ಬೌದ್ಧರನ್ನ. ಕ್ರೈಸ್ತರು, ಮುಸ್ಲಿಮರು ಹೊರಗೇ.

ಆಟ ನೋಡಿ. ಜಾತಿ ಧರ್ಮದ್ದಲ್ಲ, ಲೌಕಿಕ, ಹಾಗಾಗಿ ಚರ್ಚಿನೊಳಗೆ ಇರಲಿ ಅಂತ ನೊಬಿಲಿ ವಾದಿಸಿದ. ಜಾತಿ ಹಿಂದೂ ಧರ್ಮದ್ದು, ಹಾಗಾಗಿ ಚರ್ಚಿಗೆ ಹೋದವನಿಗೆ ಜಾತಿಯ ನೋವಿಲ್ಲ ಅಂತ ಸರ್ಕಾರ ವಾದಿಸಿತು. ಎರಡೂ ವಾದ ಒಂದಕ್ಕೊಂದು ಉಲ್ಟಾ. ಎರಡರಲ್ಲೂ ಸೋತವರು ನಾವೇ.

ಮದ್ರಾಸಿನ ರಸ್ತೆ ಬದಿ ಚಪ್ಪಲಿ ಹೊಲೀತಿದ್ದ ಸೂಸೈ ಆದಿ ದ್ರಾವಿಡ ಕ್ರೈಸ್ತ. ಅದೇ ಕಸುಬಿನ ಹಿಂದೂ ಪರಿಶಿಷ್ಟರಿಗೆ ಸರ್ಕಾರ ಪೆಟ್ಟಿಗೆ ಅಂಗಡಿ ಕೊಟ್ಟಿತು, ಇವರಿಗೆ ಇಲ್ಲ ಅಂದಿತು. ಸುಪ್ರೀಂ ಕೋರ್ಟಿಗೆ ಹೋದರು. 1985ರ ತೀರ್ಪು: ಮತಾಂತರದ ಮೇಲೂ ಅಷ್ಟೇ ಪ್ರಮಾಣದ ಹೀನಸ್ಥಿತಿ ಮುಂದುವರೆದಿದೆ ಅನ್ನೋಕೆ ಸಾಕಷ್ಟು ಪುರಾವೆ ಇಲ್ಲ.

ಪುರಾವೆ! ರೋಮಿನ ಭಂಡಾರದಲ್ಲಿ ಪೋಪರ ಮುದ್ರೆ ಬಿದ್ದ ಪುರಾವೆ ನಾನೂರು ವರ್ಷದಿಂದ ಇದೆ. ಭಾರತದ ಕ್ಯಾಥೋಲಿಕ್ ಬಿಷಪರ ಸಮ್ಮೇಳನ 2016ರಲ್ಲಿ ದಲಿತ ಸಬಲೀಕರಣ ನೀತಿ ತಂದು ಒಳಗಿನ ತಾರತಮ್ಯ ಒಪ್ಪಿಕೊಂಡಿತು. ದಲಿತ ಕಾರ್ಡಿನಲ್ ಒಬ್ಬರು ಬರೋಕೆ 2022ರವರೆಗೆ ಕಾಯಬೇಕಾಯ್ತು, ಹೈದರಾಬಾದಿನ ಆಂತೋನಿ ಪೂಲ. ಇಷ್ಟಿದ್ದೂ ನಮ್ಮ ಹುಡುಗರೇ "ಹಳೇ ಚರ್ಚಿನಲ್ಲಿ ಜಾತಿ ಇರ್ಲಿಲ್ಲ" ಅಂತ ಬರೀತಾ ಹೋದ್ರೆ, ಮೂರನೇ ಪ್ಯಾರಾ ಉಳಿಸೋರಿಗೆ ವಕೀಲರೇ ಬೇಡ.

ಇದನ್ನೆಲ್ಲ ತಮ್ಮನಿಗೆ ಬರೆದು ಕಳಿಸಿದೆ. ಎರಡು ದಿನ ಮಾತಿಲ್ಲ. ಮೊನ್ನೆ ಭಾನುವಾರ ಒಂದು ಫೋಟೋ ಬಂತು. ಅವನೇ ಹೋಗಿ ಕೇಳಿ ತೆಗೆಸಿದ್ದು, ಹಳೇ ಜ್ಞಾನಸ್ನಾನದ ರಿಜಿಸ್ಟರು. ಕೈಬರಹ, ಅಂಚು ಗೆದ್ದಲು ತಿಂದಿದೆ. ಚಿಕ್ಕತಾತನ ಹೊಸ ಹೆಸರು, ಅವರಪ್ಪನ ಹೆಸರು, ಪಕ್ಕದ ಕಲಂನಲ್ಲಿ ನಮ್ಮ ಜಾತಿ. ಗುರುಗಳೇ ಬರೆದಿದ್ದಾರೆ.

"ಅಣ್ಣಾ, ಇದನ್ನ ತೋರಿಸಿದ್ರೆ ತಹಸೀಲ್ದಾರ್ ಒಪ್ತಾರಾ?" ಅಂತ ಕೇಳಿದ.

ಒಪ್ಪಲ್ಲಪ್ಪ, ಅಂದೆ. ಅದನ್ನ ಜೋಪಾನವಾಗಿಡು.

ಜೈ ಭೀಮ್.