ರಜಾದಿನದ ಪರೀಕ್ಷೆ

ದಾಂಡೇಲಿಯ ಮಿತ್ರರೊಬ್ಬರು ಮೊನ್ನೆ ಹಳಿಯಾಳದ ನಮ್ಮ ಮನೆಗೆ ಬಂದಿದ್ದರು. ಮಗ ಏಳನೆಯ ಇಯತ್ತೆ ಮುಗಿಸಿದ್ದಾನೆ. ಏನು ಕಲಿಯಬೇಕೆಂಬುದನ್ನು ಮಕ್ಕಳೇ ಆರಿಸಿಕೊಳ್ಳುವ ಪ್ರೌಢಶಾಲೆಗೆ ಅವನನ್ನು ಕಳಿಸಬಹುದೆ ಎಂಬುದು ಅವರ ಚಿಂತೆ. “ರವೀಂದ್ರರೂ ಸಾಲಿ ಬಿಟ್ಟವರ ಅಲ್ಲೇನ್ರಿ, ಸರ?” ಎಂದರು.

ನಿಜ. ರವೀಂದ್ರನಾಥ ಠಾಕೂರರು ನಮ್ಮ ಜಿಲ್ಲೆಗೆ ಹೊಸಬರೂ ಅಲ್ಲ. ಜೋಯಿಡಾದ ಕಾಡಿನಲ್ಲಿ ಹುಟ್ಟಿ, ದಾಂಡೇಲಿಯನ್ನು ಹಾದು ಹೋಗುವ ಕಾಳಿಯು ಕಾರವಾರದಲ್ಲಿ ಕಡಲನ್ನು ಸೇರುತ್ತದೆ. 1883ರಲ್ಲಿ ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತಂಗಿದ್ದಾಗ, ರವೀಂದ್ರರು ಅದೇ ಕಾಳಿಯಲ್ಲಿ ದೋಣಿಯೇರಿದರು. ‘ಪ್ರಕೃತಿರ್ ಪ್ರತಿಶೋಧ’ ನಾಟಕ ಬರೆದರು. ಆಗ ಅವರಿಗೆ 22 ವರ್ಷ. ಯಾವ ಶಾಲೆಯನ್ನೂ ಅವರು ಪೂರ್ತಿ ಮುಗಿಸಿರಲಿಲ್ಲ.

ಕಥೆಯ ಇನ್ನರ್ಧವನ್ನು ನಾವು ಮರೆಯುತ್ತೇವೆ. ಆ ಬಾಲಕನ ಮನೆಯೇ ಒಂದು ಶಾಲೆಯಾಗಿದ್ದಿತು: ನಸುಕಿನಲ್ಲಿ ಕುಸ್ತಿ, ಹಗಲೆಲ್ಲ ಗಣಿತ, ಚಿತ್ರ, ಸಂಗೀತ, ರಾತ್ರಿ ದೀಪದ ಬೆಳಕಿನಲ್ಲಿ ಇಂಗ್ಲಿಷ್. 1901ರಲ್ಲಿ ಶಾಂತಿನಿಕೇತನದಲ್ಲಿ ಅವರೇ ಶಾಲೆ ತೆರೆದಾಗ ಪಾಠ ಮರದಡಿಗೆ ಬಂದಿತು. ಆದರೆ ಗುರುವೂ ದಿನಚರಿಯೂ ಉಳಿದುವು. 1921ರಲ್ಲಿ ನೀಲ್ ಎಂಬವರು ಆರಂಭಿಸಿದ ಸಮ್ಮರ್‌ಹಿಲ್ ಶಾಲೆ ಇನ್ನೂ ಮುಂದೆ ಹೋಯಿತು. ಅಲ್ಲಿ ಪಾಠಕ್ಕೆ ಬರುವುದು ಮಕ್ಕಳ ಇಷ್ಟ. ಆದರೂ ಮಕ್ಕಳು, ಶಿಕ್ಷಕರು ಸಮಾನ ಮತದಿಂದ ಸಭೆಯಲ್ಲಿ ಮಾಡಿದ ನಿಯಮಕ್ಕೆ ಎಲ್ಲರೂ ಬದ್ಧರು.

ಬಿಡುವ ಮಾತು ಸುಲಭ. ಬಿಟ್ಟ ಜಾಗವನ್ನು ಏನು ತುಂಬುತ್ತದೆ ಎಂಬುದೇ ಪ್ರಶ್ನೆ. “ಹುಡುಗನಿಗೆ ಯಾವುದು ಬೇಡವೆಂದು ಕೇಳಬೇಡಿ. ಯಾರೂ ಹೇಳದ ರಜಾದಿನದಲ್ಲಿ ತಾನಾಗಿ ಏನು ಹಿಡಿಯುತ್ತಾನೆ, ಬೇಸರ ಬಂದ ಮೇಲೂ ಅದನ್ನು ಬಿಡದಿರುತ್ತಾನೆಯೆ, ನೋಡಿ” ಎಂದೆ.

ಅವರು ಹೋದ ಮೇಲೆ ನನಗೇ ನಾಚಿಕೆಯಾಯಿತು. ನನ್ನ ಮಗಳ ಅಂಕಪಟ್ಟಿ ನನಗೆ ಬಾಯಿಪಾಠ. ಅವಳ ರಜಾದಿನವನ್ನು ನಾನು ಎಂದಾದರೂ ನೋಡಿದ್ದೇನೆಯೆ?